ಗೆರಿಲ್ಲಾ ಹೋರಾಟದ ಪುರಾತತ್ತ್ವ: ಸಿದ್ಧಗಡ ಮತ್ತು ಹೊಸರಿತ್ತಿ



ಪುರಾತತ್ತ್ವವೆಂದೊಡನೆ ನಮ್ಮ ಮನಸ್ಸು ಹಂಪೆ, ಐಹೊಳೆ, ಪಟ್ಟದಕಲ್ಲುಗಳತ್ತ ಹರಿಯುವುದು ಸಹಜ. ಅರಸರು ತಮ್ಮ ಹೆಸರನ್ನು ಕಲ್ಲಿನಲ್ಲಿ ಕೊರೆಯಿಸಿ ಹೋದರು. ಗೆರಿಲ್ಲಾ ಹೋರಾಟಗಾರನಾದರೋ ಕುರುಹು ಉಳಿಯದಂತೆ ಬದುಕಬೇಕಾದವನು; ಕುರುಹು ಸಿಕ್ಕರೆ ಅವನ ಪ್ರಾಣಕ್ಕೇ ಸಂಚಕಾರ. ಹಾಗಿರುವಾಗ ಅವನ ಚರಿತ್ರೆಯನ್ನು ನೆಲದಲ್ಲಿ ಹುಡುಕುವುದು ಹೇಗೆ?

ನಿದರ್ಶನಕ್ಕಾಗಿ ದೂರ ಹೋಗಬೇಕಾಗಿಲ್ಲ. ಕಲ್ಯಾಣದಿಂದ ಮುರಬಾಡದ ಹಾದಿ ಹಿಡಿದು ಸಹ್ಯಾದ್ರಿಯತ್ತ ಸಾಗಿದರೆ ಸಿದ್ಧಗಡವಿದೆ. ಮಾಥೇರಾನದ ವಕೀಲ ವಿಠ್ಠಲ ಲಕ್ಷ್ಮಣ ಕೋತ್ವಾಲರು, ಅಂದರೆ ಜನರ ಭಾಯಿ ಕೋತ್ವಾಲರು, 1942ರಲ್ಲಿ 'ಆಝಾದ್ ದಸ್ತಾ' ಕಟ್ಟಿ ಮುಂಬಯಿಗೆ ವಿದ್ಯುತ್ತನ್ನು ಒಯ್ಯುತ್ತಿದ್ದ ಗೋಪುರಗಳನ್ನು ಉರುಳಿಸಿದರು. 1943ರ ಜನವರಿ 2ರಂದು ಸಿದ್ಧಗಡದ ಕಾಡಿನಲ್ಲಿ ಅವರೂ ಹಿರಾಜಿ ಪಾಟೀಲರೂ ಪೊಲೀಸರ ಗುಂಡಿಗೆ ಬಲಿಯಾದರು. ಮೂರೇ ತಿಂಗಳ ನಂತರ, ಏಪ್ರಿಲ್ 1ರಂದು, ನಮ್ಮ ಹಾವೇರಿ ಸೀಮೆಯ ಹೊಸರಿತ್ತಿಯಲ್ಲಿ ಸರ್ಕಾರಿ ಕಂದಾಯವನ್ನು ವಶಪಡಿಸಿಕೊಳ್ಳಲು ಹೋದ ಮೈಲಾರ ಮಹಾದೇವಪ್ಪ, ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠರು ಹುತಾತ್ಮರಾದರು. ಎರಡೂ ಸ್ಥಳಗಳು ಅಂದು ಒಂದೇ ಮುಂಬಯಿ ಪ್ರಾಂತದಲ್ಲಿದ್ದವು.

ಕಾಡಿನಲ್ಲಿ ಅಡಗಿದ ದಳಕ್ಕೆ ನೀರು ಬೇಕು, ಭಾಕರಿ ಬೇಕು, ಸುದ್ದಿ ತರುವವರು ಬೇಕು. ಕೋತ್ವಾಲರು ಅದಕ್ಕೂ ಮೊದಲೇ ರೈತರಿಗಾಗಿ ಧಾನ್ಯದ ಕೋಠಿಗಳನ್ನು ತೆರೆದು ಹಳ್ಳಿಗರ ವಿಶ್ವಾಸ ಗಳಿಸಿದ್ದರು. ಆದ್ದರಿಂದ ಈ ಹೋರಾಟದ ಪುರಾತತ್ತ್ವವು ಬಂದೂಕಿನದ್ದಷ್ಟೇ ಅಲ್ಲ; ಕಾಲುದಾರಿ, ನೀರಿನ ಸೆಲೆ, ಗುಹೆ, ಒಲೆಗಳದ್ದೂ ಹೌದು. ಕಡತಗಳ ನಡುವೆಯೇ ಸೇವಾವಧಿ ಸವೆಸಿದ ನಾನು ಬಲ್ಲೆ: ಸಿಕ್ಕಿಬಿದ್ದವರ ಹೆಸರು ಕಡತದಲ್ಲಿರುತ್ತದೆ, ರೊಟ್ಟಿ ಕೊಟ್ಟು ಬಾಯಿ ಬಿಡದವಳ ಹೆಸರು ಇರುವುದಿಲ್ಲ.

ಅಮೆರಿಕದ ಲಿಟಲ್ ಬಿಗ್‌ಹಾರ್ನ್‌ನಲ್ಲಿ 1876ರ ಕದನಭೂಮಿಯ ಹುಲ್ಲು 1983ರಲ್ಲಿ ಸುಟ್ಟುಹೋದಾಗ, ಮರುವರ್ಷ ಪುರಾತತ್ತ್ವಜ್ಞರು ಪ್ರತಿಯೊಂದು ತೋಟೆ, ಗುಂಡು ಬಿದ್ದಿದ್ದ ಜಾಗವನ್ನು ಗುರುತಿಸಿ, ಯಾರು ಎಲ್ಲಿಂದ ಎಲ್ಲಿಗೆ ಸರಿದರೆಂಬುದನ್ನು ಊಹಿಸಲು ಶಕ್ತರಾದರು. ವಸ್ತುವಿಗಿಂತ ಅದು ಬಿದ್ದ ಜಾಗವೇ ಹೆಚ್ಚಿನ ಸಾಕ್ಷಿ. ನೆನಪಿಗೆಂದು ಅದನ್ನು ಮನೆಗೆ ಒಯ್ದರೆ ಆ ಸಾಕ್ಷಿ ಅಳಿಯುತ್ತದೆ.

1958ರ ಪ್ರಾಚೀನ ಸ್ಮಾರಕಗಳ ಅಧಿನಿಯಮವು ನೂರು ವರ್ಷಗಳ ಪ್ರಾಚೀನತೆಯನ್ನು ಬಯಸುತ್ತದೆ. 1942ರ ನೆಲೆಗಳಿಗೆ ಆ ವಯಸ್ಸು ತುಂಬುವುದು 2042ರಲ್ಲಿ. ಆದರೆ ಅಂದು ಹತ್ತು ವರ್ಷದ ಮಕ್ಕಳಾಗಿದ್ದವರು ಇಂದು ತೊಂಬತ್ತು ದಾಟಿದ್ದಾರೆ. ಕಾನೂನು ಬರುವವರೆಗೆ ನೆನಪು ಕಾಯುವುದಿಲ್ಲ.

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ನಮಗೆ ಒಂದು ಅನುಕೂಲವಿದೆ: ಮುರಬಾಡದಲ್ಲಿ ಮರಾಠಿಯಲ್ಲಿಯೂ ಹಾವೇರಿಯಲ್ಲಿ ಕನ್ನಡದಲ್ಲಿಯೂ ಹಿರಿಯರನ್ನು ಕೇಳಬಲ್ಲೆವು. ರಜೆಗೆ ಊರಿಗೆ ಹೋದಾಗ ನೆಲ ಅಗೆಯಬೇಡಿ. ಕೇಳಿ, ಬರೆದುಕೊಳ್ಳಿ, ಅವರು ತೋರಿಸಿದ ಜಾಗವನ್ನು ನಕ್ಷೆಯಲ್ಲಿ ಗುರುತಿಸಿ. ಹೆಸರಿಲ್ಲದೆ ಅನ್ನವಿಟ್ಟವರಿಗೆ ನಾವು ಸಲ್ಲಿಸಬಹುದಾದ ಋಣ ಅದೊಂದೇ.