ಕಂಪನಿ ಕಾರು: ಯಾರ ಖರ್ಚಿನ ಸವಾರಿ?

(ಮಲೆನಾಡಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸದ ಪಠ್ಯ)



ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಬಿಳೇಕಹಳ್ಳಿಯಲ್ಲಿ ಹಳ್ಳಿಯು ಹೆಸರಿನಲ್ಲಿ ಮಾತ್ರ ಉಳಿದಿದೆ. ಮಲೆನಾಡಿನಿಂದ ಓದಿ ಹೋದ ಅನೇಕರು ಇಂತಹ ಬಡಾವಣೆಗಳಲ್ಲಿ ಬಾಡಿಗೆಗೆ ನೆಲೆಸಿ ಕಂಪನಿಗಳಲ್ಲಿ ದುಡಿಯುತ್ತಾರೆ. ಅವರಲ್ಲೊಬ್ಬರಿಗೆ ಕಂಪನಿ ಕಾರು ದೊರೆಯಿತೆಂದರೆ ಊರಿನಲ್ಲಿ ಅದು ಸಂಭ್ರಮದ ಸುದ್ದಿ. ಆ ಸಂಭ್ರಮವನ್ನು ಹಳಿಯುವುದು ಈ ಮಾತುಗಳ ಉದ್ದೇಶವಲ್ಲ. ಕಾರಿನ ನಿಜವಾದ ಬೆಲೆಯನ್ನು ತೆರುವವರು ಯಾರು ಎಂಬ ಲೆಕ್ಕವನ್ನು ಬಿಡಿಸಿ ನೋಡುವುದಷ್ಟೇ ಉದ್ದೇಶ.

ಸ್ವಂತ ಕಾರು ಕೊಳ್ಳುವವನು ಷೋರೂಂ ಬೆಲೆಯ ಮೇಲೆ ರಾಜ್ಯದ ಆಜೀವ ತೆರಿಗೆಯನ್ನೂ ತೆರಬೇಕು. 2018ರ ಸೆಪ್ಟೆಂಬರಿನಿಂದ ಹೊಸ ಕಾರಿಗೆ ಮೂರು ವರ್ಷಗಳ ಥರ್ಡ್ ಪಾರ್ಟಿ ವಿಮೆ ಕಡ್ಡಾಯವಾಯಿತು. ಸಾಲದ ಕಂತು, ಇಂಧನ, ಸರ್ವಿಸು, ಟೈರು, ಹೊಗೆ ತಪಾಸಣೆ ಇವೆಲ್ಲ ಬೇರೆ. ಇವುಗಳ ಜೊತೆಗೆ ಕಣ್ಣಿಗೆ ಕಾಣದ ಖರ್ಚೊಂದಿದೆ: ಸವಕಳಿ. ವರ್ಷಕ್ಕೆ ಶೇ. 15ರಂತೆ ಕಳೆದರೆ 8 ಲಕ್ಷ ರೂಪಾಯಿಯ ಕಾರು ಒಂದು ವರ್ಷದಲ್ಲಿ 6.80 ಲಕ್ಷಕ್ಕೆ, ಎರಡನೆಯ ವರ್ಷದಲ್ಲಿ 5.78 ಲಕ್ಷಕ್ಕೆ ಇಳಿಯುತ್ತದೆ. ಅಡಿಕೆ ಸಸಿಗೆ ವರ್ಷ ಕಳೆದಂತೆ ಬೆಲೆ ಏರುತ್ತದೆ, ಕಾರಿಗೆ ಇಳಿಯುತ್ತದೆ. ಈ ಸವಕಳಿಯನ್ನು ಕಂಪನಿಯು ವ್ಯವಹಾರದ ಖರ್ಚೆಂದು ತೋರಿಸಿ ತೆರಿಗೆ ಕಡಿಮೆ ಮಾಡಿಕೊಳ್ಳಬಲ್ಲದು; ಸಂಬಳದಾರನಿಗೆ ಆ ಅವಕಾಶವಿಲ್ಲ.

ಕಂಪನಿ ಕಾರಿನ ಆಕರ್ಷಣೆ ಇರುವುದು ಇಲ್ಲಿಯೇ. 2005ರಲ್ಲಿ ಕೇಂದ್ರ ಸರ್ಕಾರವು ಇಂತಹ ಸೌಲಭ್ಯಗಳಿಗಾಗಿ ಕಂಪನಿಗಳ ಮೇಲೆ ಫ್ರಿಂಜ್ ಬೆನಿಫಿಟ್ ತೆರಿಗೆಯನ್ನು ವಿಧಿಸಿತು. 2009ರಲ್ಲಿ ಅದನ್ನು ರದ್ದುಪಡಿಸಿತು. ಆಗ ಮಾಡಿದ ನಿಯಮದಂತೆ, ಕಚೇರಿ ಕೆಲಸಕ್ಕೂ ಮನೆಯ ಬಳಕೆಗೂ ಕಂಪನಿಯ ವೆಚ್ಚದಲ್ಲಿ ಓಡುವ 1.6 ಲೀಟರ್‌ವರೆಗಿನ ಎಂಜಿನ್ನಿನ ಕಾರಿಗೆ ನೌಕರನ ಆದಾಯಕ್ಕೆ ಸೇರಿಸಿದ ಮೊತ್ತ ತಿಂಗಳಿಗೆ 1,800 ರೂಪಾಯಿ ಮಾತ್ರ. ಕಂಪನಿಯು ಆ ಕಾರಿಗೆ ತಿಂಗಳಿಗೆ 20,000 ರೂಪಾಯಿ ವ್ಯಯಿಸಿದರೆ ಉಳಿದ 18,200 ರೂಪಾಯಿ ನೌಕರನ ತೆರಿಗೆಯ ಲೆಕ್ಕಕ್ಕೆ ಬರುತ್ತಿರಲಿಲ್ಲ. ಅದೇ ದಿನಗಳಲ್ಲಿ ಬಸ್ಸಿನಲ್ಲಿ ಕಚೇರಿಗೆ ಹೋಗುತ್ತಿದ್ದವನ ಸಾರಿಗೆ ಭತ್ಯೆಗೆ ದೊರೆತ ವಿನಾಯಿತಿ ತಿಂಗಳಿಗೆ 800 ರೂಪಾಯಿ. ಮೊತ್ತಗಳು ಕಾಲಕಾಲಕ್ಕೆ ಬದಲಾಗುತ್ತವೆ. ಆದರೆ ಕಾರಿಗೆ ದೊರೆಯುವ ರಿಯಾಯಿತಿಯು ಅಂತಿಮವಾಗಿ ಬಸ್ಸಿನಲ್ಲಿ ನಿಂತು ಹೋಗುವವನಿಗೂ ಸೇರಿದ ಸಾರ್ವಜನಿಕ ಹಣವೆಂಬುದು ಬದಲಾಗುವುದಿಲ್ಲ.

ಕಾರು ಲೀಸಿನದಾಗಿದ್ದರೆ ನೌಕರನು ಸಹಿ ಹಾಕುವ ಮುನ್ನ ಕೆಲವು ವಿಷಯಗಳನ್ನು ಕೇಳಿ ತಿಳಿಯಬೇಕು. ನೋಂದಣಿ ಯಾರ ಹೆಸರಿನಲ್ಲಿದೆ? ಅಪಘಾತವಾದರೆ ವಿಮೆಯ ಹಣ ಯಾರಿಗೆ ಸಲ್ಲುತ್ತದೆ? ನಡುವೆ ಕೆಲಸ ಬಿಟ್ಟರೆ ಅಥವಾ ಕಳೆದುಕೊಂಡರೆ ಉಳಿದ ಬಾಡಿಗೆ ಯಾರ ತಲೆಯ ಮೇಲೆ? ಅವಧಿ ಮುಗಿದ ಮೇಲೆ ಕಾರನ್ನು ಕೊಳ್ಳುವ ಬೆಲೆ ಎಷ್ಟು? ಬಾಡಿಗೆಯು ಸಂಬಳದಿಂದಲೇ ಕಡಿತವಾಗುವುದಾದರೆ ಅದನ್ನು ಕೊಡುಗೆ ಎನ್ನಲಾಗದು.

ಯಾವ ಕರಾರಿನಲ್ಲಿಯೂ ಬರೆಯದ ಬೆಲೆ ಇನ್ನೊಂದಿದೆ. ದಿನಕ್ಕೆ 24 ಕಿಲೋಮೀಟರ್ ಓಡುವ, ದಟ್ಟಣೆಯಲ್ಲಿ ಲೀಟರಿಗೆ 12 ಕಿಲೋಮೀಟರ್ ಕೊಡುವ ಕಾರು 250 ಕೆಲಸದ ದಿನಗಳಲ್ಲಿ 500 ಲೀಟರ್ ಪೆಟ್ರೋಲು ಸುಡುತ್ತದೆ. ಒಂದು ಲೀಟರ್ ಪೆಟ್ರೋಲಿನಿಂದ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುವುದರಿಂದ, ಒಬ್ಬನನ್ನು ಕಚೇರಿಗೆ ಮುಟ್ಟಿಸಲು ವರ್ಷಕ್ಕೆ 1,150 ಕಿಲೋ ಆಕಾಶಕ್ಕೆ ಸೇರಿದಂತಾಯಿತು. ಮಳೆಯ ಲಯವನ್ನೇ ನಂಬಿದ ಮೆಣಸಿಗೂ ಕಾಫಿಗೂ ಇದು ದೂರದ ಸಂಗತಿಯಲ್ಲ.

ವಾರಾಂತ್ಯದಲ್ಲಿ ಅದೇ ಕಾರುಗಳು ಘಟ್ಟ ಹತ್ತುತ್ತವೆ. ಅವುಗಳಿಗಾಗಿ ರಸ್ತೆ ಅಗಲಗೊಳಿಸಲು ಗುಡ್ಡದ ಬುಡ ಕಡಿದರೆ, ಮಳೆಗಾಲದಲ್ಲಿ ಮಣ್ಣು ಜಾರುತ್ತದೆ. ನೆರೆಯ ನೀಲಗಿರಿಯಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಪ್ರವಾಸಿ ವಾಹನಗಳಿಗೆ ಇ-ಪಾಸ್ ಪದ್ಧತಿ ಬಂದಿತು. ಬೆಟ್ಟಕ್ಕೂ ಹೊರಲಾಗದ ಹೊರೆಯಿದೆ ಎಂಬುದನ್ನು ನ್ಯಾಯಾಲಯ ಹೇಳಬೇಕಾಯಿತು.

ಹಾಗೆಂದು ಕಾರೇ ಬೇಡವೆನ್ನುವುದು ನ್ಯಾಯವಲ್ಲ. ರಾತ್ರಿ ಹೆರಿಗೆ ನೋವು ಬಂದಾಗ ಬಸ್ಸಿಲ್ಲದ ಹಳ್ಳಿಗೆ ಕಾರು ಜೀವದಾನ. 2025ರ ಆಗಸ್ಟಿನಲ್ಲಿ ಆರ್.ವಿ. ರಸ್ತೆ–ಬೊಮ್ಮಸಂದ್ರ ಮೆಟ್ರೊ ಆರಂಭವಾಗಿ, ಬಿಳೇಕಹಳ್ಳಿಗೆ ಸಮೀಪದ ಜಯದೇವದಲ್ಲಿಯೇ ರೈಲು ಹತ್ತುವ ಅನುಕೂಲ ಒದಗಿತು. ಅಂತಹ ಕಡೆ ಒಬ್ಬನಿಗೊಂದು ಕಾರು ಅಗತ್ಯವೇ ಎಂಬುದನ್ನು ಅವನೇ ಕೇಳಿಕೊಳ್ಳಲಿ. ಕಂಪನಿಯು ಕಾರಿಗೆ ವ್ಯಯಿಸುವ ಹಣವನ್ನು ಬಸ್ ಪಾಸಿಗೆ, ಸಾಮೂಹಿಕ ವಾಹನಕ್ಕೆ ಬಳಸಲಿ ಎಂದು ಕೇಳುವ ಧೈರ್ಯ ಉದ್ಯೋಗ ಸೇರುವ ಯುವಜನರಿಗೆ ಬರಲಿ. ಗದ್ದೆಗೆ ಸರದಿಯಂತೆ ನೀರು ಹಂಚಿಕೊಂಡ ಊರಿನವರಿಗೆ ವಾಹನ ಹಂಚಿಕೊಳ್ಳುವುದು ಹೊಸ ಪಾಠವೇನಲ್ಲ.