ಲೋಂಡಾದ ಮನೆಗೆ ಎಸಿ: ಅಂಗಡಿ ರೇಟು ಬೇರೆ, ಮೀಟರ್ ಲೆಕ್ಕ ಬೇರೆ

ಇವತ್ತಿನ ಮಾತು ಮನೆಗೆ ಎಸಿ ಹಾಕಿಸೋದರ ಬಗ್ಗೆ. ಅದೂ ಲೋಂಡಾದಂಥ ಊರಲ್ಲಿ.

ಲೋಂಡಾ ಅಂದ್ರೆ ಹೊರಗಿನವರಿಗೆ ರೈಲ್ವೆ ಜಂಕ್ಷನ್, ಕಾಡು, ಜಡಿಮಳೆ. "ಅಲ್ಲಿಗ್ಯಾಕ್ರೀ ಎಸಿ?" ಅಂತ ಕೇಳ್ತಾರೆ. ಏಪ್ರಿಲ್‌ನಲ್ಲಿ ಪತ್ರಾಸ್ ಕೆಳಗೆ ಒಂದು ಮಧ್ಯಾಹ್ನ ಕೂತು ನೋಡಿದ್ರೆ ಹಂಗೆ ಕೇಳಲಿಕ್ಕಿಲ್ಲ. ಮೇ ಬಂತಂದ್ರೆ ಕರಾವಳಿ ಕಡೆಯಿಂದ ತೇವದ ಗಾಳಿ ಏರಿ ಬರ್ತದೆ, ಬೆವರು ಆರೋದೇ ಇಲ್ಲ. ಕೂಲರ್ ಕೆಲಸ ಮಾಡೋದು ನೀರು ಆವಿಯಾದಾಗ. ಗಾಳಿಯಲ್ಲೇ ನೀರಿನಂಶ ತುಂಬಿದ್ರೆ ಅದು ಆವಿಯಾಗೋದು ಹೆಂಗೆ? ಒಣ ಹವೆಯ ಮಾರ್ಚ್‌ನಲ್ಲಿ ತಂಪು ಕೊಟ್ಟ ಕೂಲರ್, ಮೇ ತಿಂಗಳಲ್ಲಿ ಹಾಸಿಗೆಯನ್ನ ತಣಸು ಮಾಡ್ತದೆ ಅಷ್ಟೇ. ಹಾಗಾಗಿ ಎಸಿ ಬೇಕು ಅನ್ನಿಸೋದು ತಪ್ಪಲ್ಲ.

ಈಗ ಏನಾಗ್ತಿದೆ ಅಂದ್ರೆ, ಬೆಳಗಾವಿಯಲ್ಲೋ ಗೋವಾದಲ್ಲೋ ದುಡಿಯೋ ಮಗ, ಮಗಳು ಮೊಬೈಲ್‌ನಲ್ಲೇ ಆಫರ್ ನೋಡಿ, ಇಎಂಐ ಮೇಲೆ ಅಪ್ಪ-ಅಮ್ಮನ ಮನೆಗೆ ಎಸಿ ಕಳಿಸ್ತಾರೆ. ಒಳ್ಳೇ ಮನಸ್ಸು. ಆದ್ರೆ ಇಎಂಐ ಕಟ್ಟೋರು ಒಬ್ಬರು, ಕರೆಂಟ್ ಬಿಲ್ ನೋಡಿ ಗಾಬರಿಯಾಗೋರು ಇನ್ನೊಬ್ಬರು. ಅದಕ್ಕೇ ಮೊದಲು ಮೀಟರ್‌ನಿಂದ ಶುರು ಮಾಡೋಣ.

ನಿಮ್ಮ ಮನೆಗೆ ಗೃಹಜ್ಯೋತಿ ಇದೆಯಾ? 2023ರಲ್ಲಿ ಬಂದ ಯೋಜನೆ. 2022-23ರಲ್ಲಿ ನಿಮ್ಮ ಮನೆ ತಿಂಗಳಿಗೆ ಸರಾಸರಿ ಎಷ್ಟು ಬಳಸಿತ್ತೋ, ಅದರ ಮೇಲೆ ಸ್ವಲ್ಪ ಸೇರಿಸಿ ನಿಮ್ಮ ಉಚಿತ ಮಿತಿ ಗೊತ್ತು ಮಾಡಿದ್ದಾರೆ. ಆ ಮಿತಿ ದಾಟಿದ್ರೆ ಹೆಚ್ಚುವರಿ ಯೂನಿಟ್‌ಗೆ ಮಾತ್ರ ದುಡ್ಡು. ಆದ್ರೆ ತಿಂಗಳ ಬಳಕೆ 200 ಯೂನಿಟ್ ದಾಟಿತು ಅಂದ್ರೆ ಪೂರ್ತಿ ಬಿಲ್ ನಿಮ್ಮದೇ. ಎಸಿ ಹಾಕಿಸೋರು ಈ 200ರ ಗೆರೆ ನೆನಪಿಡಬೇಕು.

ಒಂದು ಲೆಕ್ಕ ಹಾಕೋಣ. ಒಂದು ಮನೆ ತಿಂಗಳಿಗೆ 80 ಯೂನಿಟ್ ಬಳಸ್ತದೆ, ಉಚಿತ ಮಿತಿ 90 ಅಂತ ಇಟ್ಕೊಳ್ಳಿ. ಬಿಲ್ ಸೊನ್ನೆ. ಎಸಿ ಬಂತು, ರಾತ್ರಿ ಏಳು ತಾಸು ಹಚ್ತಾರೆ. ತಿಂಗಳಿಗೆ 210 ತಾಸು.

ಎಸಿ ಮೇಲೆ ಸ್ಟಾರ್ ಲೇಬಲ್ ಇರ್ತದಲ್ಲ, ಅದರಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಅಂತ ಬರೆದಿರ್ತಾರೆ. ಅದು 1600 ತಾಸು ಓಡಿಸಿದ್ರೆ ಆಗೋ ಖರ್ಚು. ಒಂದೂವರೆ ಟನ್ ತ್ರೀ ಸ್ಟಾರ್ ಲೇಬಲ್ ಮೇಲೆ 1000 ಯೂನಿಟ್ ಅಂತಿದ್ರೆ, 210 ತಾಸಿಗೆ ಸುಮಾರು 131 ಯೂನಿಟ್. ಮನೆಯ 80 ಸೇರಿಸಿದ್ರೆ 211. ಗೆರೆ ದಾಟಿತು! ಯೂನಿಟ್‌ಗೆ 6 ರೂಪಾಯಿ ಹಿಡಿದ್ರೂ 1,266 ರೂಪಾಯಿ. ನಿಗದಿತ ಶುಲ್ಕ, ತೆರಿಗೆ ಬೇರೆ.

ಅದೇ ಒಂದೂವರೆ ಟನ್ನಿನ ಫೈವ್ ಸ್ಟಾರ್, ಲೇಬಲ್ ಮೇಲೆ 800 ಯೂನಿಟ್ ಅಂತ ಇಟ್ಕೊಳ್ಳಿ. ತಿಂಗಳಿಗೆ 105 ಆಯ್ತು, ಒಟ್ಟು 185. ಗೆರೆ ಒಳಗೇ ಇದೆ. ಮಿತಿ ಮೀರಿದ 95 ಯೂನಿಟ್‌ಗೆ 570 ರೂಪಾಯಿ.

ಈಗ ಒಂದು ಟನ್ ತ್ರೀ ಸ್ಟಾರ್ ನೋಡ್ರಿ. ಲೇಬಲ್ 700 ಅಂತಿದ್ರೆ ತಿಂಗಳಿಗೆ ಸುಮಾರು 92, ಒಟ್ಟು 172. ಬಿಲ್ 492 ರೂಪಾಯಿ. ಕೊಳ್ಳುವಾಗ ಅಗ್ಗ, ಬಿಲ್ಲೂ ಕಡಿಮೆ. ಅಂದ್ರೆ ಸ್ಟಾರ್ ನೋಡೋಕೂ ಮೊದಲು ಕೋಣೆಗೆ ಸರಿಹೋಗೋ ಟನ್ ನೋಡಬೇಕು.

ಟನ್ ಅನ್ನೋದು ಎಸಿಯ ತೂಕ ಅಲ್ಲ. ಒಂದು ಟನ್ ಮಂಜುಗಡ್ಡೆ 24 ತಾಸಲ್ಲಿ ಕರಗಲು ಎಷ್ಟು ಶಾಖ ಬೇಕೋ ಅಷ್ಟು ಶಾಖ ಹೊರಹಾಕೋ ಶಕ್ತಿ. ಹತ್ತು ಅಡಿಗೆ ಹತ್ತು ಅಡಿಯ ಮಲಗೋ ಕೋಣೆಗೆ ಸಾಮಾನ್ಯವಾಗಿ ಒಂದು ಟನ್ ಸಾಕು. 150 ಚದರಡಿ ಆಸುಪಾಸಿನ ಕೋಣೆ, ಮೇಲೆ ನೇರ ಬಿಸಿಲು ಬೀಳೋ ಸ್ಲ್ಯಾಬ್ ಇದ್ರೆ ಒಂದೂವರೆ.

ಹೆಂಚಿನ ಮನೆ, ಪತ್ರಾಸ್ ಮನೆಯವರು ಇಲ್ಲಿ ಕಿವಿಗೊಡ್ರಿ. ಹೆಂಚಿನ ಸಂದಿಯಿಂದ ತಂಪು ಗಾಳಿ ಹೊರಗೆ ಹೋಗ್ತದೆ, ಬಿಸಿ ಗಾಳಿ ಒಳಗೆ ಬರ್ತದೆ. ಎರಡು ಟನ್ ಹಾಕಿದ್ರೂ ಮೀಟರ್ ಓಡ್ತದೆ, ಕೋಣೆ ತಂಪಾಗಲ್ಲ. ಎಸಿ ಇಡೋ ಒಂದೇ ಕೋಣೆಗಾದ್ರೂ ಮೊದಲು ಫಾಲ್ಸ್ ಸೀಲಿಂಗ್ ಮಾಡಿಸಿ, ಕಿಟಕಿ, ಬಾಗಿಲ ಸಂದಿ ಮುಚ್ಚಿಸಿ. ಸ್ಲ್ಯಾಬ್ ಮನೆ ಆದ್ರೆ ಮೇಲೆ ಬಿಳಿ ಬಣ್ಣ ಬಳಿಸಿ. ಈ ಕೆಲಸ ಆದಮೇಲೆ ಫ್ಯಾನೇ ಸಾಕು ಅನ್ನಿಸಿದ್ರೆ, ಇನ್ನೂ ಒಳ್ಳೇದಾಯ್ತು.

ಇನ್ನು ಕೊಳ್ಳೋ ಖರ್ಚು. 2025ರ ಸೆಪ್ಟೆಂಬರ್ 22ರಿಂದ ಎಸಿ ಮೇಲಿನ ಜಿಎಸ್‌ಟಿ 28ರಿಂದ 18 ಪರ್ಸೆಂಟ್‌ಗೆ ಇಳಿದಿದೆ. ಒಂದು ಟನ್ ತ್ರೀ ಸ್ಟಾರ್ ಸ್ಪ್ಲಿಟ್ ಎಸಿ 30 ಸಾವಿರ ಆಸುಪಾಸು. ಒಂದೂವರೆ ಟನ್ ಫೈವ್ ಸ್ಟಾರ್ 40 ಸಾವಿರ ದಾಟ್ತದೆ. ಆದ್ರೆ ಅದು ಡಬ್ಬದ ರೇಟು. ಫಿಟ್ಟಿಂಗ್ ಚಾರ್ಜ್, ಹೊರಗಿನ ಯೂನಿಟ್‌ಗೆ ಸ್ಟ್ಯಾಂಡ್, ಗೋಡೆ ಕೊರೆಯೋದು, ಮೀಟರ್ ಲೆಕ್ಕದಲ್ಲಿ ಹೆಚ್ಚುವರಿ ತಾಮ್ರದ ಪೈಪ್, ಸ್ಟೆಬಿಲೈಸರ್, ಎಸಿಗೇ ಅಂತ ಬೇರೆ ವೈರು, ಎಂಸಿಬಿ, ಸರಿಯಾದ ಅರ್ಥಿಂಗ್, ಇವೆಲ್ಲ ಸೇರಿ ಐದಾರು ಸಾವಿರದಿಂದ ಹತ್ತು ಸಾವಿರದವರೆಗೂ ಹೋಗಬಹುದು. ಪೈಪ್ ರೇಟನ್ನ ಫಿಟ್ಟಿಂಗ್‌ನವರು ಬರೋ ಮೊದಲೇ ಕೇಳಿ ಬರೆಸಿಕೊಳ್ಳಿ. ಗ್ಯಾಸ್ ಬಿಡೋ ಮುಂಚೆ ಪಂಪ್ ಹಚ್ಚಿ ಪೈಪಿನೊಳಗಿನ ಗಾಳಿ, ತೇವ ತೆಗೀಬೇಕು. "ವ್ಯಾಕ್ಯೂಮ್ ಮಾಡ್ರಿ" ಅಂತ ಧೈರ್ಯವಾಗಿ ಹೇಳಿ.

ಹೆಸ್ಕಾಂ ಬಿಲ್‌ನಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಅಂತ ಇರ್ತದೆ, ಅದನ್ನೂ ನೋಡಿ. ಹಳೇ ಮನೆಗಳಲ್ಲಿ ಅದು ಕಡಿಮೆ ಇರ್ತದೆ. ಎಸಿಗೆ ಸಾಲದಿದ್ರೆ ಹೆಚ್ಚಿಸಬೇಕು, ಅದಕ್ಕೆ ತಕ್ಕಂತೆ ಶುಲ್ಕಾನೂ ಏರ್ತದೆ.

ಫೈವ್ ಸ್ಟಾರ್ ತಗೋಬೇಕಾ? ಚೆನ್ನೈಯಲ್ಲಿ ವರ್ಷವಿಡೀ ಓಡಿಸೋರಿಗೆ ಹೌದು. ಲೋಂಡಾದಲ್ಲಿ ಎಸಿ ಬೇಕಾಗೋದು ವರ್ಷಕ್ಕೆ ಹೆಚ್ಚೂಕಡಿಮೆ ಎರಡು ತಿಂಗಳು. ನಾವು ಈಗ ಮಾಡಿದ ಲೆಕ್ಕದಲ್ಲಿ, ಒಂದೂವರೆ ಟನ್ನಿನ ತ್ರೀ ಸ್ಟಾರ್‌ಗೂ ಫೈವ್ ಸ್ಟಾರ್‌ಗೂ ಎರಡು ತಿಂಗಳಲ್ಲಿ ಉಳಿಯೋ ವ್ಯತ್ಯಾಸ 52 ಯೂನಿಟ್, 200ರ ಗೆರೆಯ ವಿಷಯ ಬಿಟ್ಟು ನೋಡಿದ್ರೆ 300 ರೂಪಾಯಿ ಚಿಲ್ಲರೆ. ಎಂಟು ಸಾವಿರ ಜಾಸ್ತಿ ಕೊಟ್ಟು ಕೊಂಡ್ರೆ ಆ ದುಡ್ಡು ವಾಪಸ್ ಬರೋಕೆ 25 ವರ್ಷ ಬೇಕು. ಅಷ್ಟು ದಿನ ಆ ಎಸಿ ಬಾಳೋದು ಅನುಮಾನ. ದೊಡ್ಡ ಕೋಣೆ ಇದ್ದು, ನಿಮ್ಮ ಬಳಕೆ 200ರ ಗೆರೆ ಹತ್ತಿರ ಇದ್ರೆ ಮಾತ್ರ ಫೈವ್ ಸ್ಟಾರ್ ಲಾಭ. ಇನ್ನೊಂದು, 2026ರ ಜನವರಿಯಿಂದ ಸ್ಟಾರ್ ನಿಯಮ ಬಿಗಿಯಾಗಿದೆ. ಹಳೇ ಸ್ಟಾಕಿನ ಫೈವ್ ಸ್ಟಾರ್ ಮತ್ತು ಹೊಸ ಫೈವ್ ಸ್ಟಾರ್ ಒಂದೇ ಅಲ್ಲ. ಲೇಬಲ್ ಮೇಲಿನ ಅವಧಿಯನ್ನೂ ಯೂನಿಟ್ ಸಂಖ್ಯೆಯನ್ನೂ ಓದಿ.

"ಇನ್ವರ್ಟರ್ ಎಸಿ ಅಂದ್ರೆ ಕರೆಂಟ್ ಹೋದ್ರೂ ಓಡ್ತದೆ" ಅಂತ ಬಹಳ ಮಂದಿ ತಿಳ್ಕೊಂಡಿದ್ದಾರೆ. ಇಲ್ಲ. ಕಂಪ್ರೆಸರ್ ವೇಗ ಹೆಚ್ಚು ಕಡಿಮೆ ಮಾಡಿ ಕರೆಂಟ್ ಉಳಿಸ್ತದೆ ಅಂತ ಆ ಹೆಸರು. ನಿಮ್ಮ ಮನೆಯ ಬ್ಯಾಟರಿ ಇನ್ವರ್ಟರ್‌ಗೂ ಅದಕ್ಕೂ ಸಂಬಂಧ ಇಲ್ಲ. ಮಳೆಗಾಳಿಗೆ ಮರ ಬಿದ್ದು ಲೈನ್ ಹೋಯ್ತು ಅಂದ್ರೆ ಎಸಿಯೂ ಬಂದ್.

ಸರ್ವಿಸ್ ವಿಚಾರ. ಮೆಕ್ಯಾನಿಕ್ ಖಾನಾಪುರದಿಂದಲೋ, ಐವತ್ತು ಕಿಲೋಮೀಟರ್ ಆಸುಪಾಸಿನ ಬೆಳಗಾವಿಯಿಂದಲೋ ಬರಬೇಕು. ಕೊಳ್ಳೋ ಮೊದಲೇ ಕಂಪನಿಗೆ ಫೋನ್ ಮಾಡಿ, ನಿಮ್ಮ ಪಿನ್‌ಕೋಡ್ ಹೇಳಿ, "ಇಲ್ಲಿಗೆ ಬರ್ತೀರಾ, ಎಷ್ಟು ದಿನಕ್ಕೆ?" ಅಂತ ಕೇಳಿ. ಉತ್ತರ ತಡವರಿಸಿದ್ರೆ ಆ ಬ್ರ್ಯಾಂಡ್ ಬಿಡಿ. ಗುಡುಗು ಸಿಡಿಲಿನ ಹೊತ್ತಲ್ಲಿ ಎಂಸಿಬಿ ಇಳಿಸಿಡಿ. ಮಳೆಗಾಲದ ನಾಲ್ಕು ತಿಂಗಳು ಹಾಗೇ ಬಿಟ್ಟ ಎಸಿಯನ್ನ ಬೇಸಿಗೆಗೆ ಮುಂಚೆ ತೊಳೆಸಿ, ಹೊರಗಿನ ಯೂನಿಟ್‌ನಲ್ಲಿ ಇಲಿ ವೈರ್ ಕಡಿದಿದೆಯಾ ನೋಡಿಸಿ.

ಓಡಿಸುವಾಗ 24ಕ್ಕೆ ಇಟ್ಟು ಜೊತೆಗೆ ಫ್ಯಾನ್ ಹಚ್ಚಿ. 18ಕ್ಕೆ ಇಟ್ಟು ದುಪ್ಪಟಿ ಹೊದ್ದು ಮಲಗೋದು ಮೀಟರ್‌ಗೆ ಮಾಡೋ ಉಪಕಾರ.

ಹಾಗಾದ್ರೆ ಈ ವಾರದ ಕೆಲಸ ಇಷ್ಟೇ. ಮನೆಗೆ ಫೋನ್ ಮಾಡಿ, ಹೋದ ಏಪ್ರಿಲ್, ಮೇ ತಿಂಗಳ ಕರೆಂಟ್ ಬಿಲ್ಲಿನ ಫೋಟೋ ತರಿಸ್ಕೊಳ್ಳಿ. 200ರಿಂದ ಆ ಯೂನಿಟ್ ಕಳೀರಿ. ಉಳಿದದ್ದೇ ನಿಮ್ಮ ಎಸಿಗಿರೋ ಜಾಗ. ಅದರೊಳಗೆ ಹಿಡಿಸೋ ಎಸಿ ಆರಿಸಿ. ಅಪ್ಪ-ಅಮ್ಮನೂ ಬಿಲ್ಲಿನ ಹೆದರಿಕೆ ಇಲ್ಲದೆ ಬಟನ್ ಒತ್ತಲಿ. ಬಿಲ್ಲಿಗೆ ಹೆದರಿ ಮುಚ್ಚಿಟ್ಟ ಎಸಿಯಷ್ಟು ದುಬಾರಿ ಎಸಿ ಬೇರೆ ಇಲ್ಲ.