ಇತಿಹಾಸದ ಪಿರಿಯಡ್ಡಿನಲ್ಲಿ ನಾವು ಎಲ್ಲಿ ಕೂತಿದ್ದೀವಿ?

(ಬಿಳಿಗೆರೆಯಲ್ಲಿ ಹೈಸ್ಕೂಲು ಮತ್ತು ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ)



ಹಾರ ತುರಾಯಿ ಬೇಡ ಅಂತ ಮೊದಲೇ ಹೇಳಿ ಕಳಿಸಿದ್ದೆವು. ಆದರೂ ತಂದಿದ್ದೀರಿ. ಆ ದುಡ್ಡಿಗೆ ನಾಲ್ಕು ನೋಟ್ ಬುಕ್ ಬರ್ತಿತ್ತು. ಇರಲಿ, ವಿಷಯಕ್ಕೆ ಬರೋಣ.

ನಾವು ಭಾನುವಾರಗಳಲ್ಲಿ ಹಾಸ್ಟೆಲ್ ಹುಡುಗ ಹುಡುಗಿಯರ ಜೊತೆ ಕೂತು ಸಮಾಜ ವಿಜ್ಞಾನ ಓದಿಸುತ್ತಾ ಬಂದವರು. ಎಸ್ಸೆಸ್ಸೆಲ್ಸಿ ಓದೋ ಯಾರನ್ನಾದರೂ ಕೇಳಿ, ಮೊದಲನೇ ಮಹಾಯುದ್ಧಕ್ಕೆ ತಕ್ಷಣದ ಕಾರಣ ಏನು ಅಂತ. ಆಸ್ಟ್ರಿಯಾದ ಯುವರಾಜನ ಕೊಲೆ, 1914, ಅಂತ ನಿದ್ದೆಗಣ್ಣಲ್ಲೂ ಹೇಳ್ತಾರೆ. ಅಂಕವೂ ಬರುತ್ತೆ. ಅಲ್ಲೆಲ್ಲೋ ಒಬ್ಬ ಯುವರಾಜ ಸತ್ತರೆ ತಿಪಟೂರು ಸೀಮೆಗೆ ಏನಾಯ್ತು ಕಣ್ರಪ್ಪ ಅಂದರೆ ಎಲ್ಲರೂ ತಲೆ ತಗ್ಗಿಸ್ತಾರೆ. ಹುಡುಗರದೇನೂ ತಪ್ಪಿಲ್ಲ. ಆ ಪ್ರಶ್ನೆಯನ್ನ ಅವರಿಗೆ ಯಾರೂ ಕೇಳಿಯೇ ಇಲ್ಲ. ಪ್ರಪಂಚದ ಇತಿಹಾಸ ಅಂದರೆ ನಮಗೆ ಸಂಬಂಧವಿಲ್ಲದ ದೊಡ್ಡವರ ಜಗಳ, ಐದು ಅಂಕದ್ದು, ಬಾಯಿಪಾಠ ಮಾಡಿ ಮಾರನೇ ದಿನ ಮರೆಯೋದು ಅಂತ ನಮ್ಮ ಮಕ್ಕಳ ತಲೆಯಲ್ಲಿ ಕೂತುಬಿಟ್ಟಿದೆ.

ನಮ್ಮದು ತೆಂಗಿನ ಸೀಮೆ. ಕಾಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಲು ಬಿಟ್ಟು ಉಂಡೆ ಕೊಬ್ಬರಿ ಮಾಡೋ ಸೀಮೆ. ಮರ ಹತ್ತಿ ಕಾಯಿ ಕೀಳೋರು ಯಾರು, ಸುಲಿಯೋರು ಯಾರು, ತೋಟದ ಪಹಣಿ ಯಾರ ಹೆಸರಲ್ಲೈತೆ, ಇದನ್ನೆಲ್ಲ ನಿಮಗೆ ನಾವು ಹೇಳಬೇಕಾಗಿಲ್ಲ. ಕೊಬ್ಬರಿ ತೆಗೆದ ಮೇಲೆ ಉಳಿಯೋದು ಕರಟ. ಕರಟ ಅಂದರೆ ನಮ್ಮ ಅಜ್ಜ ಅಜ್ಜಿಯರಿಗೆ ಬೇರೆಯದೇ ನೆನಪು. ಹೋಟ್ಲಿನ ಹೊರಗೆ ಸೂರಿಗೆ ಸಿಕ್ಕಿಸಿರೋ ಕರಟ ತಗೊಂಡು, ತಾವೇ ತೊಳೆದು, ಮುಂದೆ ಹಿಡಿದು, ಮೇಲಿಂದ ಹುಯ್ದ ಟೀ ಕುಡಿದು, ಮತ್ತೆ ತೊಳೆದು ಸಿಕ್ಕಿಸಿ ಬರೋದು. ಕಾಸು ಮಾತ್ರ ಎಲ್ಲರಷ್ಟೇ. ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಇದು ನಡೆದ ಮಾತು.

ಇದೇ ಕರಟ ಮಹಾಯುದ್ಧಕ್ಕೂ ಹೋಗಿತ್ತು. 1915ರ ಏಪ್ರಿಲ್ 22ರಂದು ಬೆಲ್ಜಿಯಂ ದೇಶದ ಈಪರ್ ಊರಿನ ಹತ್ತಿರ ಜರ್ಮನ್ ಸೈನ್ಯ ಕ್ಲೋರಿನ್ ವಿಷಗಾಳಿ ಬಿಟ್ಟಿತು. ಸಿಪಾಯಿಗಳು ಉಸಿರುಕಟ್ಟಿ ಸತ್ತರು. ಮುಖಕ್ಕೆ ಹಾಕಿಕೊಳ್ಳೋ ಮುಸುಕುಗಳು ಬಂದವು. ಅದರೊಳಗೆ ವಿಷ ಹೀರೋದಕ್ಕೆ ಇದ್ದಿಲು ಬೇಕು. ಕರಟದ ಇದ್ದಿಲು ಗಟ್ಟಿ, ಅದರ ಮೈತುಂಬಾ ಕಣ್ಣಿಗೆ ಕಾಣದಷ್ಟು ಸಣ್ಣ ತೂತು, ವಿಷಗಾಳಿ ಅಲ್ಲಿ ಸಿಕ್ಕಿಕೊಳ್ಳುತ್ತೆ. ಅಮೆರಿಕಾದವರು ಮೊದಲು ತೆಂಗಿನ ಕರಟವನ್ನೇ ನೆಚ್ಚಿಕೊಂಡಿದ್ದರು. ಅದು ಸಾಲದೆ 1918ರಲ್ಲಿ ಪೀಚ್ ಹಣ್ಣಿನ ಓಟೆ ಕೂಡಿಸಿ ಕೊಡಿ ಅಂತ ತಮ್ಮ ಜನರನ್ನ ಕೇಳಿದರು. ತಿಪಟೂರಿನ ಕರಟವೇ ಅಲ್ಲಿಗೆ ಹೋಯಿತು ಅಂತ ನಾವು ಹೇಳ್ತಾ ಇಲ್ಲ. ಆದರೆ ಎಂಟನೇ ಕ್ಲಾಸಿನ ಹುಡುಗಿಯ ಕೈಗೆ ಒಂದು ಕರಟ ಕೊಟ್ಟು, ಒಂದು ಕಡೆ ಹೋಟ್ಲಿನ ಸೂರು, ಇನ್ನೊಂದು ಕಡೆ ಈಪರ್ ಅಂತ ಪಾಠ ಶುರು ಮಾಡಿ ನೋಡಿ. ಆ ಹುಡುಗಿ ಯುವರಾಜನ ಹೆಸರು ಮರೆತರೂ ಯುದ್ಧ ಅಂದರೇನು ಅನ್ನೋದನ್ನ ಮರೆಯಲ್ಲ.

ಈಗ ಪಠ್ಯಪುಸ್ತಕದ ಮಾತು. ಹತ್ತನೇ ಕ್ಲಾಸಿನ ಪುಸ್ತಕದಲ್ಲಿ ದಕ್ಷಿಣ ಆಫ್ರಿಕಾದ ವರ್ಣಭೇದ ರಾಜ್ಯಶಾಸ್ತ್ರದ ಭಾಗದಲ್ಲಿ ಬರುತ್ತೆ. ಅಸ್ಪೃಶ್ಯತೆ ಸಮಾಜಶಾಸ್ತ್ರದಲ್ಲಿ. ಬಾಬಾಸಾಹೇಬರು ಇತಿಹಾಸದಲ್ಲಿ. ಮೂರನ್ನೂ ಬೇರೆ ಬೇರೆ ತಿಂಗಳಲ್ಲಿ ಓದ್ತೀರಿ, ಬೇರೆ ಬೇರೆ ಪ್ರಶ್ನೆಗೆ ಉತ್ತರ ಬರೀತೀರಿ. ಮನೆ ಒಂದೇ, ಗೋಡೆ ಮೂರು. ಇದನ್ನ ಒಡೆಯೋದಕ್ಕೆ ನಾವು ಒಂದು ದಾರಿ ಹಿಡಿದಿದ್ದೀವಿ. ಒಂದು ಇಸವಿ ತಗೊಳ್ಳೋದು, ಆ ವರ್ಷ ಎಲ್ಲೆಲ್ಲಿ ಏನೇನಾಯ್ತು ಅಂತ ಅಡ್ಡಡ್ಡ ಓದೋದು.

1948 ತಗೊಳ್ಳಿ. ಮಾಸ್ತರು ಹೇಳೋದು ಗಾಂಧೀಜಿ ಕೊಲೆ, ಹೈದರಾಬಾದಿನ ವಿಲೀನ. ಎರಡೂ ಮುಖ್ಯವೇ. ಅದೇ ವರ್ಷ ಮೇ ತಿಂಗಳಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಬಿಳಿಯರ ನ್ಯಾಷನಲ್ ಪಾರ್ಟಿ ಚುನಾವಣೆ ಗೆದ್ದು ವರ್ಣಭೇದವನ್ನೇ ಸರ್ಕಾರದ ನೀತಿ ಮಾಡಿಕೊಂಡಿತು. ನವೆಂಬರ್ 29ಕ್ಕೆ ದೆಹಲಿಯ ಸಂವಿಧಾನ ಸಭೆ ಅಸ್ಪೃಶ್ಯತೆಯನ್ನ ರದ್ದು ಮಾಡೋ ವಿಧಿಯನ್ನ ಒಪ್ಪಿತು. ಇವತ್ತಿನ 17ನೇ ವಿಧಿ ಅದೇ. ಆಮೇಲೆ ಹನ್ನೊಂದೇ ದಿನ. ಡಿಸೆಂಬರ್ 10ಕ್ಕೆ ಪ್ಯಾರಿಸ್ಸಿನಲ್ಲಿ ವಿಶ್ವಸಂಸ್ಥೆ ಮಾನವ ಹಕ್ಕುಗಳ ಘೋಷಣೆ ಮಾಡಿತು. 48 ದೇಶ ಪರ, ವಿರೋಧ ಯಾರೂ ಇಲ್ಲ, 8 ದೇಶ ತಟಸ್ಥ. ತಟಸ್ಥ ಕೂತವರಲ್ಲಿ ದಕ್ಷಿಣ ಆಫ್ರಿಕಾ ಒಂದು. ಆ ಘೋಷಣೆಯ ಮೊದಲ ವಿಧಿಯಲ್ಲಿ ಎಲ್ಲ ಗಂಡಸರೂ ಅನ್ನೋ ಹಾಗೆ ಇದ್ದ ಇಂಗ್ಲಿಷ್ ಮಾತನ್ನ ಎಲ್ಲ ಮನುಷ್ಯರೂ ಅಂತ ತಿದ್ದಿಸಿದ್ದು ನಮ್ಮ ದೇಶದ ಹೆಣ್ಣುಮಗಳು ಹಂಸಾ ಮೆಹತಾ. ಇಲ್ಲಿ ಕೂತಿರೋ ತಂಗಿಯರು ಈ ಹೆಸರನ್ನ ಬರಕೊಳ್ಳಿ.

ಒಂದೇ ವರ್ಷದಲ್ಲಿ ಒಂದು ದೇಶ ಮನುಷ್ಯರನ್ನ ವಿಂಗಡಿಸೋ ಕಾನೂನಿಗೆ ಹೊರಟಿತು, ಇನ್ನೊಂದು ದೇಶ ಸಾವಿರಾರು ವರ್ಷದ ವಿಂಗಡಣೆಯನ್ನ ಕಾಗದದ ಮೇಲೆ ಅಳಿಸಿತು. ಕಾಗದದ ಮೇಲೆ ಅಂತ ನಾವು ಬೇಕಂತಲೇ ಹೇಳಿದ್ದು. ಇಲ್ಲಿಂದ ಮುಂದಕ್ಕೆ ಪುಸ್ತಕ ಬೇಡ, ನಿಮ್ಮ ಕೇರಿ ಸಾಕು.

ಎರಡು ವರ್ಷ ಹಿಂದಕ್ಕೆ ಹೋಗೋಣ. 1946ರಲ್ಲಿ ಅಮೆರಿಕಾದ ಕಪ್ಪು ಜನ ತಮ್ಮ ದೇಶದ ಅನ್ಯಾಯವನ್ನ ವಿಶ್ವಸಂಸ್ಥೆ ಮುಂದೆ ಅರ್ಜಿ ಹಾಕಿ ಹೇಳಿಕೊಂಡರು. ಈ ಸುದ್ದಿ ಓದಿದ ಬಾಬಾಸಾಹೇಬರು ಕಪ್ಪು ಜನರ ದೊಡ್ಡ ವಿದ್ವಾಂಸ ಡಬ್ಲ್ಯೂ.ಇ.ಬಿ. ಡು ಬಾಯ್ಸ್ ಅವರಿಗೆ ಕಾಗದ ಬರೆದರು. ನಾವೂ ಹೀಗೇ ಅರ್ಜಿ ಹಾಕೋ ಯೋಚನೆಯಲ್ಲಿದ್ದೀವಿ, ನಿಮ್ಮ ಅರ್ಜಿಯ ಪ್ರತಿ ಸಿಗುತ್ತಾ ಅಂತ ಕೇಳಿದರು. ಆ ವರ್ಷದ ಜುಲೈ 31ರಂದು ಡು ಬಾಯ್ಸ್ ಉತ್ತರ ಬರೆದರು, ಭಾರತದ ಅಸ್ಪೃಶ್ಯರ ಬಗ್ಗೆ ತಮಗೆ ಸಹಾನುಭೂತಿ ಉಂಟು ಅಂದರು. ಅಂತಾರಾಷ್ಟ್ರೀಯ ಇತಿಹಾಸ ಅಂದರೆ ಇದಲ್ಲದೆ ಇನ್ನೇನು ಹೇಳಿ? ಮಂತ್ರಿಗಳು ಕೈ ಕುಲುಕಿದ್ದು ಮಾತ್ರವೇ? ಆದರೆ ಒಂದು ಎಚ್ಚರ. ಬಣ್ಣದ ಭೇದ, ಜಾತಿಯ ಭೇದ ಎರಡೂ ಒಂದೇ ಅಂತ ಪರೀಕ್ಷೆಯಲ್ಲಿ ಬರೆದುಬಿಡಬೇಡಿ. ಜಾತಿಗೆ ಮೈಬಣ್ಣ ಬೇಕಾಗಿಲ್ಲ, ಹೆಸರು, ಕೇರಿ, ಅಪ್ಪನ ಕಸುಬು ಕೇಳಿದರೆ ಸಾಕು. ಎರಡನ್ನೂ ಅಕ್ಕಪಕ್ಕ ಇಟ್ಟು ಎಲ್ಲಿ ಕೂಡುತ್ತೆ, ಎಲ್ಲಿ ಕೂಡಲ್ಲ ನೋಡಿ. 2001ರಲ್ಲಿ ಡರ್ಬನ್ನಿನ ವಿಶ್ವ ಸಮ್ಮೇಳನದಲ್ಲಿ ಜಾತಿಯ ವಿಚಾರ ಸೇರಿಸಬೇಕು ಅಂತ ದಲಿತ ಸಂಘಟನೆಗಳು ಹಟ ಹಿಡಿದಾಗ, ಬೇಡ ಅಂದದ್ದು ನಮ್ಮ ಸರ್ಕಾರವೇ.

ಇನ್ನು 1932. ಆಗಸ್ಟಿನಲ್ಲಿ ಬ್ರಿಟಿಷ್ ಪ್ರಧಾನಿ ದಲಿತರಿಗೆ ಪ್ರತ್ಯೇಕ ಮತಕ್ಷೇತ್ರ ಕೊಟ್ಟರು. ಗಾಂಧೀಜಿ ಯರವಾಡ ಜೈಲಲ್ಲಿ ಸೆಪ್ಟೆಂಬರ್ 20ಕ್ಕೆ ಉಪವಾಸ ಕೂತರು. 24ಕ್ಕೆ ಪೂನಾ ಒಪ್ಪಂದ. ಪ್ರಾಂತಗಳಲ್ಲಿ 71 ಇದ್ದ ಸ್ಥಾನ 148 ಆಯ್ತು, ಪ್ರತ್ಯೇಕ ಮತ ಹೋಯ್ತು. ಗೆದ್ದಿದ್ದೆಷ್ಟು, ಕಳಕೊಂಡಿದ್ದೆಷ್ಟು? ಕ್ಲಾಸಿನಲ್ಲಿ ಎರಡು ಪಕ್ಷ ಮಾಡಿ ವಾದ ಮಾಡಿಸಬೇಕಾದ ಪಾಠ ಇದು. ಆದರೆ ಒಂದು ಹೈಸ್ಕೂಲಿನಲ್ಲಿ, ಯಾವುದು ಅಂತ ಬೇಡ, ನಮ್ಮ ಹುಡುಗನೊಬ್ಬ ಎದ್ದು ನಿಂತು ಆ ನಾಲ್ಕು ದಿನ ಬಾಬಾಸಾಹೇಬರ ಮೇಲೆ ಎಷ್ಟು ಒತ್ತಡ ಇತ್ತು ಸಾ ಅಂತ ಕೇಳಿದ್ದಕ್ಕೆ, ಕೂತ್ಕೊಳ್ಳೋ, ನಿಮ್ಮೋರ ರಾಜಕೀಯ ಇಲ್ಲಿ ಬೇಡ ಅಂದರಂತೆ. ಆಮೇಲೆ ಆ ಹುಡುಗ ಆ ವರ್ಷವೆಲ್ಲ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ನಮಗೆ ಹೊಟ್ಟೆ ಉರಿಯೋದು ಇದಕ್ಕೆ. ಅಂಕ ಕಡಿಮೆ ಬಂದರೆ ಮತ್ತೆ ಕಟ್ಟಬಹುದು. ಬಾಯಿ ಮುಚ್ಚಿಸಿದ ಹುಡುಗನ ಬಾಯನ್ನ ಮತ್ತೆ ತೆರೆಸೋದು ಬಲು ಕಷ್ಟ.

ಇನ್ನೊಂದು ಮಾತು, ಇದನ್ನ ಪುಸ್ತಕ ಹೇಳೋದು ಕಡಿಮೆ. ಪೂನಾ ಒಪ್ಪಂದ ಬ್ರಿಟಿಷ್ ಪ್ರಾಂತಗಳದ್ದು. ನಮ್ಮ ಮುತ್ತಾತಂದಿರು ಇದ್ದದ್ದು ಮೈಸೂರು ಸಂಸ್ಥಾನದಲ್ಲಿ. ಇಲ್ಲಿ ನಾಲ್ವಡಿಯವರ ಕಾಲದಲ್ಲಿ, 1918ರಲ್ಲೇ, ಮಿಲ್ಲರ್ ಸಮಿತಿ ನೇಮಕವಾಗಿ ನೌಕರಿಯಲ್ಲಿ ಬ್ರಾಹ್ಮಣೇತರರಿಗೆ ಪಾಲು ಕೊಡೋ ಮಾತು ಬಂತು. ಆ ಪಾಲಿನಲ್ಲಿ ಹೊಲೆಯ ಮಾದಿಗರ ಕೈಗೆ ಬಂದದ್ದೆಷ್ಟು, ಬೇರೆಯವರ ಕೈಗೆ ಹೋದದ್ದೆಷ್ಟು? ಮೇಷ್ಟ್ರನ್ನ ಮರ್ಯಾದೆಯಿಂದಲೇ ಕೇಳಿ. ಒಳ್ಳೆ ಮೇಷ್ಟ್ರಾದರೆ ಹುಡುಕಿ ತಂದು ಹೇಳ್ತಾರೆ. ಅಂಥವರೂ ಇದ್ದಾರೆ, ಎಲ್ಲ ಜಾತಿಯಲ್ಲೂ ಇದ್ದಾರೆ.

2022ರ ಗದ್ದಲ ನಿಮಗೆ ನೆನಪಿರಬೇಕು. ಪರಿಷ್ಕರಣೆ ಆದಾಗ ಒಂಬತ್ತನೇ ಕ್ಲಾಸಿನ ಪುಸ್ತಕದಲ್ಲಿ ಬಾಬಾಸಾಹೇಬರ ಹೆಸರಿನ ಜೊತೆಗಿದ್ದ ಸಂವಿಧಾನ ಶಿಲ್ಪಿ ಅನ್ನೋ ಮಾತು ಬಿಟ್ಟುಹೋಗಿತ್ತು. ದೇವನೂರ ಮಹಾದೇವ ಅವರು ತಮ್ಮ ಪಾಠಕ್ಕೆ ಕೊಟ್ಟಿದ್ದ ಒಪ್ಪಿಗೆ ವಾಪಸ್ ಪಡೆದರು. ಕೂಗು ಎದ್ದಮೇಲೆ ಆ ಮಾತನ್ನ ಮತ್ತೆ ಸೇರಿಸ್ತೀವಿ ಅಂತ ಸರ್ಕಾರ ಒಪ್ಪಿತು. ಆ ಹೋರಾಟ ನ್ಯಾಯವಾದದ್ದೇ. ಆದರೆ ಬಿರುದು ಒಂದಕ್ಕೆ ಬಡಿದಾಡಿ, ಆ ಶಿಲ್ಪಿ ಯಾವ ಕಲ್ಲನ್ನ ಯಾರ ಎದುರು ಕೆತ್ತಿದರು ಅನ್ನೋದನ್ನ ಓದದೆ, ಏಪ್ರಿಲ್ 14ಕ್ಕೆ ಡಿಜೆ ಹಾಕಿ ಕುಣಿದರೆ ನಾವು ಸುಮ್ಮನಿರೋದಿಲ್ಲ, ಬಂದು ವೈರ್ ಕೀಳ್ತೀವಿ.

ವಿದ್ಯಾರ್ಥಿಗಳಿಗೆ ಇತಿಹಾಸದಲ್ಲಿ ಏನು ಕೆಲಸ ಅಂತ ಕೇಳೋರಿಗೆ ಸೊವೆಟೊ ಹೇಳಿ. ದಕ್ಷಿಣ ಆಫ್ರಿಕಾದ ಸರ್ಕಾರ ಕಪ್ಪು ಮಕ್ಕಳು ಗಣಿತ, ಸಮಾಜ ಪಾಠವನ್ನ ಆಳುವ ಬಿಳಿಯರ ಆಫ್ರಿಕಾನ್ಸ್ ಭಾಷೆಯಲ್ಲೇ ಓದಬೇಕು ಅಂತ 1974ರಲ್ಲಿ ಹುಕುಂ ಮಾಡಿತು. 1976ರ ಜೂನ್ 16ಕ್ಕೆ ಸಾವಿರಾರು ಮಕ್ಕಳು ಸ್ಕೂಲ್ ಯೂನಿಫಾರಂನಲ್ಲೇ ಮೆರವಣಿಗೆ ಹೊರಟರು. ಪೊಲೀಸರು ಗುಂಡು ಹಾರಿಸಿದರು. ಸತ್ತವರಲ್ಲಿ ಹೆಕ್ಟರ್ ಪೀಟರ್ಸನ್‌ಗೆ 12 ವರ್ಷ. ಅವನ ಮೈಯನ್ನ ಇನ್ನೊಬ್ಬ ಹುಡುಗ ಎತ್ತಿಕೊಂಡು ಓಡ್ತಿರೋ ಫೋಟೋ ಜಗತ್ತನ್ನೆಲ್ಲ ಸುತ್ತಿತು. ಆರನೇ ಏಳನೇ ಕ್ಲಾಸಿನ ವಯಸ್ಸು ಅದು.

ಮುಂದಿನ ಭಾನುವಾರಕ್ಕೆ ಕೆಲಸ ಕೊಡ್ತಾ ಇದ್ದೀವಿ. ಹತ್ತನೇ ಕ್ಲಾಸಿನವರು 1932 ಓದಿಕೊಂಡು ಬನ್ನಿ, ಎರಡೂ ಪಕ್ಷದ ವಾದ ಬೇಕು. ಒಂಬತ್ತನೇಯವರು ಮನೆಗೆ ಹೋದಾಗ ಅಜ್ಜಿಯನ್ನ ಮೂರು ಮಾತು ಕೇಳಿ. ಹೋಟ್ಲೊಳಗೆ ಮೊದಲ ಸಲ ಬೆಂಚಿನ ಮೇಲೆ ಕೂತಿದ್ದು ಯಾವಾಗ? ನಮ್ಮ ಮನೆಯಿಂದ ಮೊದಲು ಸ್ಕೂಲಿಗೆ ಹೋಗಿದ್ದು ಯಾರು? 1974ರ ಭೂಸುಧಾರಣೆಯಲ್ಲಿ ನಾವು ಡಿಕ್ಲರೇಷನ್ ಅರ್ಜಿ ಹಾಕಿದ್ವಾ, ಇಲ್ಲದಿದ್ದರೆ ಯಾಕೆ? ಅಜ್ಜಿ ಹೇಳಿದ ಹಾಗೇ, ಅವರ ಮಾತಲ್ಲೇ ಬರಕೊಂಡು ಬನ್ನಿ, ತಿದ್ದಬೇಡಿ. ಇಸವಿ ಗೊತ್ತಿಲ್ಲ ಅಂದರೆ ಯಾವ ಬರಗಾಲ, ಯಾವ ಎಲೆಕ್ಷನ್ನು, ಯಾರ ಮದುವೆ ಆದ ವರ್ಷ ಅಂತ ಕೇಳಿ. ಇಸವಿ ನಾವು ಕೂತು ಲೆಕ್ಕ ಹಾಕೋಣ. ಎಂಟನೇಯವರು ಒಂದೊಂದು ಕರಟ ತನ್ನಿ.